ಗಂಜಿಯೂ ಪಂಚೆಯೂ

ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ಅನ್ನ ಬಸಿದ ಗಂಜಿಯನ್ನು ಅಮ್ಮ ಚೆಲ್ಲುತ್ತಿರಲಿಲ್ಲ. ಬೋಗುಣಿಯಲ್ಲಿ ಅದಕ್ಕೆ ನೀರು ಬೆರೆಸಿ, ಸೋಸಿ, ಅಪ್ಪನ ಬಿಳಿ ಪಂಚೆಯನ್ನು ಅದ್ದಿ ಹಿಂಡಿ ಬಿಸಿಲಿಗೆ ಹರವುತ್ತಿದ್ದಳು. ಸಂಜೆಯ ಹೊತ್ತಿಗೆ ಪಂಚೆ ಹಪ್ಪಳದ ಹಾಗೆ ಗರಿಗರಿ. ಆ ಬೋಗುಣಿಯಲ್ಲಿ ಸೇರುತ್ತಿದ್ದವರು ಒಡಹುಟ್ಟಿದವರು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಗಂಜಿಯ ಪಿಷ್ಟ ಗ್ಲೂಕೋಸಿನ ಸರಪಳಿ. ಹತ್ತಿಯ ನೂಲಿನ ಸೆಲ್ಯುಲೋಸೂ ಗ್ಲೂಕೋಸಿನದೇ ಸರಪಳಿ. ಒಂದನ್ನು ಉಣ್ಣುತ್ತೇವೆ, ಇನ್ನೊಂದನ್ನು ಉಡುತ್ತೇವೆ. ಕಚ್ಚಾ ಸಾಮಗ್ರಿ ಒಂದೇ ಆಗಿರುವಾಗ ಉಣ್ಣುವುದಕ್ಕೂ ಉಡುವುದಕ್ಕೂ ಇಷ್ಟು ಅಂತರ ಎಲ್ಲಿಂದ ಬಂತು?

ಗ್ಲೂಕೋಸಿನ ಒಂದು ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಪರಮಾಣುಗಳಿವೆ. ಐದು ಕಾರ್ಬನ್ನೂ ಒಂದು ಆಕ್ಸಿಜನ್ನೂ ಕೈಕೈ ಹಿಡಿದು ಆರು ಮೂಲೆಯ ಉಂಗುರವಾಗಿ ಕೂರುತ್ತವೆ. ಉಂಗುರದ ಮೊದಲ ಕಾರ್ಬನ್ನಿಗೆ ಅಂಟಿದ ಆಕ್ಸಿಜನ್ ಕೆಳಮುಖವಾಗಿದ್ದರೆ ಆಲ್ಫಾ, ಮೇಲ್ಮುಖವಾಗಿದ್ದರೆ ಬೀಟಾ. ಅಂತರವೆಲ್ಲ ಇಷ್ಟರಲ್ಲೇ ಇದೆ. ಆಲ್ಫಾ ಕೊಂಡಿಯಲ್ಲಿ ಪೋಣಿಸಿದ ಸರಪಳಿ ಸೋರೆಬಳ್ಳಿಯ ಕುಡಿಯಂತೆ ಸುರುಳಿ ಸುತ್ತುತ್ತದೆ, ಒಂದು ಸುತ್ತಿಗೆ ಸುಮಾರು 6 ಗ್ಲೂಕೋಸ್. ಗಂಜಿಗೆ ಅಯೋಡಿನ್ ಹನಿಸಿದರೆ ಕಡುನೀಲಿಯಾಗುವುದು ಅಯೋಡಿನ್ ಆ ಸುರುಳಿಯೊಳಗೆ ಹೊಕ್ಕು ಕೂರುವುದರಿಂದ. ಬೀಟಾ ಕೊಂಡಿಯಲ್ಲಾದರೆ ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿ ಕೂರಬೇಕು. ಆಗ ಸರಪಳಿ ನೆಟ್ಟಗೆ ನಿಲ್ಲುತ್ತದೆ, ಪಕ್ಕದ ಸರಪಳಿಯೊಂದಿಗೆ ಹೈಡ್ರೋಜನ್ ಬಂಧಗಳಿಂದ ಬೆಸೆದುಕೊಳ್ಳುತ್ತದೆ, ಕುದಿನೀರಿಗೂ ಕರಗದ ನಾರಾಗುತ್ತದೆ. ಇದೇ ಸೆಲ್ಯುಲೋಸ್, ಹತ್ತಿಯ ಎಳೆಯಲ್ಲಿ ನೂರಕ್ಕೆ 90ರಷ್ಟು ಇದೇ. 1838ರಲ್ಲಿ ಇದನ್ನು ಗಿಡಗಳಿಂದ ಬೇರ್ಪಡಿಸಿದ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್, ಇದರ ಮೂಲವಸ್ತುಗಳ ಪ್ರಮಾಣ ಪಿಷ್ಟದಲ್ಲಿರುವಂಥದ್ದೇ ಎಂದು ಆಗಲೇ ಕಂಡುಕೊಂಡಿದ್ದ.

ತೂಕ ಇಳಿಸುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೇಳುವುದುಂಟು: ‘ಅನ್ನವೋ ಮುದ್ದೆಯೋ, ಕೊನೆಗೆ ಎಲ್ಲ ಗ್ಲೂಕೋಸೇ ಅಲ್ಲವೇ?’ ವೈದ್ಯರ ಸಲಹೆಯಾಗಿ ಈ ಮಾತು ಎಷ್ಟು ಸರಿಯೆಂಬುದು ಹಾಗಿರಲಿ, ಇದರೊಳಗೆ ಹಳೆಯದೊಂದು ದರ್ಶನವೇ ಅಡಗಿದೆ. ಬಿಡಿ ಭಾಗಗಳೇ ನಿಜ, ಒಟ್ಟು ಎಂಬುದು ಬರೀ ಹೆಸರು ಎನ್ನುವ ವಾದ ಅದು. ಬೌದ್ಧ ತಾರ್ಕಿಕರು ಹೀಗೆ ವಾದಿಸಿದಾಗ ನ್ಯಾಯ–ವೈಶೇಷಿಕರು ಅವರ ಮುಂದೆ ಹಿಡಿದ ಉದಾಹರಣೆ, ಸೋಜಿಗವೆಂದರೆ, ನೂಲು ಮತ್ತು ಬಟ್ಟೆ. ಬಟ್ಟೆ ನೂಲುಗಳ ರಾಶಿಯಲ್ಲ, ಅದು ಹೊಸದಾಗಿ ಹುಟ್ಟಿದ ವಸ್ತು, ಅವಯವಿ ಎಂದರು. ನೂಲು ಅದರ ಸಮವಾಯಿ ಕಾರಣ. ನೇಕಾರನೂ ಲಾಳಿಯೂ ನಿಮಿತ್ತ ಕಾರಣ. ಇವೆರಡರ ನಡುವೆ ನೂಲು ನೂಲಿನ ಸಂಯೋಗವನ್ನು ಅಸಮವಾಯಿ ಕಾರಣವೆಂದು ಬೇರೆಯಾಗಿಯೇ ಎಣಿಸಿದರು. ಕೂಡುವ ಬಗೆಗೇ ಒಂದು ಕಾರಣದ ಸ್ಥಾನ ಕೊಟ್ಟ ಈ ಸೂಕ್ಷ್ಮಕ್ಕೆ ನಾನು ತಲೆಬಾಗುತ್ತೇನೆ. ಅವರ ಮುಂದಿದ್ದದ್ದು ಹತ್ತಿಯ ಬಟ್ಟೆಯಾಗಿದ್ದರೆ, ಆ ನೂಲಿನೊಳಗಿನ ಅಣುಗಳಲ್ಲೂ ನಡೆದಿದ್ದದ್ದು ಅವರು ಹೇಳಿದ್ದೇ: ಸಂಯೋಗ ಬದಲಾದಲ್ಲಿ ವಸ್ತುವೇ ಬದಲಾಗುವುದು.

ಇಲ್ಲೊಂದು ಆಕ್ಷೇಪ ಬರಬಹುದು. ಆಲ್ಫಾ, ಬೀಟಾ ಎಂಬುದು ಗ್ಲೂಕೋಸಿನಲ್ಲಿ ಮೊದಲೇ ಇರುವ ಗುಣ ತಾನೇ. ಅಂದಮೇಲೆ ವ್ಯತ್ಯಾಸ ಬಿಡಿ ಭಾಗದ್ದೇ ಹೊರತು ಸಂಬಂಧದ್ದು ಹೇಗೆ? ಉತ್ತರವನ್ನು ಒಂದು ಲೋಟ ನೀರು ಕೊಡುತ್ತದೆ. ಕರಗಿದ ಗ್ಲೂಕೋಸಿನ ಉಂಗುರ ಬಿಚ್ಚಿಕೊಳ್ಳುತ್ತ ಮುಚ್ಚಿಕೊಳ್ಳುತ್ತ ಇರುತ್ತದೆ. ಒಮ್ಮೆ ಆಲ್ಫಾ ಆಗಿ ಮುಚ್ಚಿದ್ದು ಇನ್ನೊಮ್ಮೆ ಬೀಟಾ ಆಗಿ ಮುಚ್ಚೀತು. ಯಾವ ಗಳಿಗೆಯಲ್ಲಿ ನೋಡಿದರೂ ನೂರಕ್ಕೆ ಸುಮಾರು 36 ಆಲ್ಫಾ, 64 ಬೀಟಾ. ಆದರೆ ಯಾವೊಂದು ಅಣುವೂ ಇಂಥದ್ದೇ ಎಂದು ನಿಂತಿರುವುದಿಲ್ಲ. ಇನ್ನೊಂದು ಗ್ಲೂಕೋಸಿಗೆ ಕಟ್ಟುವಾಗ ಕಿಣ್ವ ಯಾವ ಬದಿಗೆ ಬಿಗಿಯಿತೋ ಆ ಬದಿ ಸ್ಥಿರವಾಗುತ್ತದೆ. ಒಂಟಿಯಾಗಿದ್ದಾಗ ಓಲಾಡುವ ಸ್ವಭಾವ ನಂಟಿನಲ್ಲಿ ನೆಲೆಗೊಳ್ಳುತ್ತದೆ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ, ರಸಾಯನಶಾಸ್ತ್ರ ಅಕ್ಷರಶಃ ಹೇಳುವುದೇ ಇದು.

ಆದರೂ ವೈಶೇಷಿಕರ ಮೂರು ಕಾರಣಗಳು ವಸ್ತು ಹೇಗಾಯಿತು ಎಂಬಲ್ಲಿಗೆ ನಿಲ್ಲುತ್ತವೆ. ಅದು ಯಾರಿಗೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಸುಗ್ಗಿಯ ಕಣದಲ್ಲಿ ಒಂದೇ ರಾಗಿ ಪೈರು ಎರಡಾಗುತ್ತದೆ: ಕಾಳು ಮುದ್ದೆಗೆ, ಹುಲ್ಲು ಮೆದೆಗೆ. ನಮ್ಮ ಎಂಜಲಿನ ಅಮೈಲೇಸ್ ಆಲ್ಫಾ ಕೊಂಡಿಯನ್ನು ಬಿಚ್ಚುತ್ತದೆ, ಬೀಟಾದ ಎದುರು ಕೈಚೆಲ್ಲುತ್ತದೆ. ಕಿಣ್ವವೂ ಅದು ಹಿಡಿಯುವ ವಸ್ತುವೂ ಬೀಗ–ಬೀಗದಕೈಯಂತೆ ಹೊಂದಬೇಕು ಎಂದು 1894ರಲ್ಲಿ ಎಮಿಲ್ ಫಿಷರ್ ಹೇಳಿದ್ದು ಸಕ್ಕರೆಗಳ ಮೇಲೆ ಕೆಲಸ ಮಾಡುತ್ತಲೇ. ಹಾಗಾದರೆ ಹುಲ್ಲು ಆಹಾರವಲ್ಲವೇ? ಕೊಟ್ಟಿಗೆಯ ಹಸುವನ್ನು ಕೇಳಬೇಕು. ಆ ಬೀಗದ ಕೈ ಹಸುವಿನ ಬಳಿಯೂ ಇಲ್ಲ! ಅದರ ಮೊದಲ ಹೊಟ್ಟೆಯಲ್ಲಿ ಬೀಡುಬಿಟ್ಟ ಸೂಕ್ಷ್ಮಜೀವಿಗಳ ಬಳಿ ಇದೆ. ಅವು ಸೆಲ್ಯುಲೋಸನ್ನು ಒಡೆದು ಗ್ಲೂಕೋಸನ್ನು ತಾವೇ ಬಳಸಿಕೊಳ್ಳುತ್ತವೆ. ಹಸುವಿಗೆ ದಕ್ಕುವುದು ಅವು ಹೊರಬಿಟ್ಟ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳು. ಅದರಲ್ಲಿ ಪ್ರೊಪಿಯಾನಿಕ್ಕಿನಿಂದ ಹಸುವಿನ ಪಿತ್ತಜನಕಾಂಗ ತನಗೆ ಬೇಕಾದ ಗ್ಲೂಕೋಸನ್ನು ಮತ್ತೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಆಹಾರ ಎಂಬುದು ಹುಲ್ಲಿನೊಳಗೆ ಕೂತಿರುವ ಗುಣವಾಗಿದ್ದರೆ ಇಷ್ಟು ಸುತ್ತುಬಳಸು ಬೇಕಿರಲಿಲ್ಲ.

ಸಕ್ಕರೆ ಎಂದರೆ ಇಂಧನ ಎಂದಷ್ಟೇ ಶಾಲೆಯಲ್ಲಿ ಕಲಿತವರಿಗೆ ಅದರ ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದಿಲ್ಲ: ಗುರುತಾಗುವುದು. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸರಗಳಿವೆ. ಸರದ ತುದಿಯಲ್ಲಿ ಗ್ಯಾಲಕ್ಟೋಸ್ ಇದ್ದರೆ ಬಿ ಗುಂಪು. ಅದೇ ಗ್ಯಾಲಕ್ಟೋಸಿನ ಒಂದು ಮೂಲೆಯಲ್ಲಿ ಸಾರಜನಕ ಸೇರಿದ ಒಂದು ಸಣ್ಣ ಗುಂಪು ಅಂಟಿದ್ದರೆ ಎ. ಎರಡೂ ಇಲ್ಲದಿದ್ದರೆ ಒ. ಒ ಗುಂಪಿನ ಕಣಗಳನ್ನು ಯಾರಿಗೂ ಕೊಡಬಹುದು ಎಂಬ ಮಾತಿದೆಯಲ್ಲ, 1952ರಲ್ಲಿ ಮುಂಬಯಿಯ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಅದಕ್ಕೂ ಹೊರತಾದ ರಕ್ತವನ್ನು ಗುರುತಿಸಿದರು. ಒ ಗುಂಪಿನಲ್ಲೂ ಉಳಿದಿರುವ ಫ್ಯೂಕೋಸ್ ಎಂಬ ಒಂದು ಸಕ್ಕರೆ ಈ ರಕ್ತದಲ್ಲಿ ಇಲ್ಲ. ಅದೊಂದು ಇಲ್ಲದ್ದರಿಂದ ‘ಬಾಂಬೆ’ ಗುಂಪಿನವರ ಮೈಗೆ ಒ ರಕ್ತವೂ ಪರಕೀಯ, ತಮ್ಮಂಥವರ ರಕ್ತವೇ ಆಗಬೇಕು. ಆ ಅಣುವಿನಲ್ಲಿ ವಿಷವೇನೂ ಇಲ್ಲ, ಉಳಿದವರೆಲ್ಲರೂ ಅದನ್ನು ಹೊತ್ತು ನೆಮ್ಮದಿಯಾಗಿದ್ದೇವೆ. ಹೀಗೆ ಸಕ್ಕರೆಯ ಗುರುತು ಓದುವ ಪ್ರೋಟೀನುಗಳು ಗಿಡಗಳಲ್ಲೂ ಇವೆ. ಹಲಸಿನ ಬೀಜದ ಜಾಕಲಿನ್ ಅಂಥದ್ದು, ಗ್ಯಾಲಕ್ಟೋಸನ್ನು ಹಿಡಿಯುತ್ತದೆ. ಅದರ ರಚನೆಯನ್ನು ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವರ ಬಳಗ.

ವಸ್ತುವಿನ ಬೆಲೆ ಅದರೊಳಗಿಲ್ಲ, ಸಂಬಂಧದಲ್ಲಿದೆ ಎಂಬ ನನ್ನ ಮಾತಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ತಾಯಿಯ ಹಾಲು. ಅದರಲ್ಲಿ ಲ್ಯಾಕ್ಟೋಸ್ ಮತ್ತು ಕೊಬ್ಬಿನ ನಂತರ ಹೆಚ್ಚಾಗಿರುವ ಘನ ಅಂಶ ನೂರಕ್ಕೂ ಹೆಚ್ಚು ಬಗೆಯ ಸಣ್ಣ ಸಕ್ಕರೆ ಸರಗಳು. ಅವನ್ನು ಜೀರ್ಣಿಸುವ ಕಿಣ್ವ ಕೂಸಿಗಿಲ್ಲ. ಬಾಣಂತಿಯ ಮೈ ಅಷ್ಟು ಶಕ್ತಿ ಸುರಿದು, ಮಗುವಿಗೆ ದಕ್ಕದ ಸಕ್ಕರೆಯನ್ನು ಏಕೆ ಕಟ್ಟಬೇಕು? ವಸ್ತುವಿನೊಳಗೇ ಅದರ ಬೆಲೆ ಹುಡುಕುವವರಿಗೆ ಇದು ದಂಡ. ಆ ಸರಗಳು ಕರಗದೆ ದೊಡ್ಡ ಕರುಳಿನವರೆಗೆ ಇಳಿಯುತ್ತವೆ. ಅಲ್ಲಿ ಆಗಷ್ಟೇ ನೆಲೆಯೂರುತ್ತಿರುವ ಬಿಫಿಡೋಬ್ಯಾಕ್ಟೀರಿಯಾಗಳು ಅವನ್ನು ಉಣ್ಣುತ್ತವೆ, ಉಂಡು ಬೆಳೆದು ರೋಗಾಣುಗಳಿಗೆ ಜಾಗ ಬಿಡುವುದಿಲ್ಲ. ಕೆಲವು ಸರಗಳಂತೂ ಕರುಳಿನ ಗೋಡೆಯ ಸಕ್ಕರೆಗಳನ್ನೇ ಹೋಲುತ್ತವೆ. ಗೋಡೆಗೆ ಅಂಟಬೇಕೆಂದು ಬಂದ ರೋಗಾಣು ಇವಕ್ಕೆ ಅಂಟಿಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ. ತಾಯಿ ಒಂದೇ ಗುಟುಕಿನಲ್ಲಿ ಮಗುವಿಗೂ ಉಣಿಸುತ್ತಾಳೆ, ಮಗುವಿನೊಳಗೆ ಬಂದಿಳಿದ ನೆಂಟರಿಗೂ ಎಡೆ ಹಾಕುತ್ತಾಳೆ.