ಅಂಬೆಗಾಲಿನ ಕೃಷ್ಣನ ಎದುರಿನಲ್ಲಿ: ವಸಂತದ ಎರಡು ರಜಾದಿನಗಳು

॥ ಶ್ರೀ ಗುರುಭ್ಯೋ ನಮಃ । ಹರಿಃ ಓಂ ॥



ಚೈತ್ರ-ವೈಶಾಖಗಳೆರಡೂ ಕೂಡಿ ವಸಂತಋತುವೆನಿಸುತ್ತವೆ. ಯುಗಾದಿಯ ಬೇವು-ಬೆಲ್ಲದಿಂದ ಮೊದಲ್ಗೊಂಡು ಶ್ರೀರಾಮನವಮಿ, ಅಕ್ಷಯತೃತೀಯೆಯ ಗಂಧಲೇಪನ, ಶ್ರೀನರಸಿಂಹಜಯಂತಿ, ಪಾನಕ-ಕೋಸಂಬರಿಗಳ ವಸಂತಪೂಜೆ ಎಂದು ಈ ಎರಡು ಮಾಸಗಳಲ್ಲಿ ಪರ್ವದಿನಗಳಿಗೆ ಕೊರತೆಯಿಲ್ಲ. ಆಯಾ ಪರ್ವದ ಮಹಿಮೆಯನ್ನು ಕುರಿತು ಬರೆಯುವುದೇ ಇಲ್ಲಿನ ವಾಡಿಕೆ. ಈ ಸಲ ಮಾತ್ರ ಪಂಚಾಂಗದಲ್ಲಿ ಯಾವ ವಿಶೇಷವನ್ನೂ ಬರೆಯದ ಎರಡು ದಿನಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅವು ಚಿಕ್ಕ ಮಕ್ಕಳಿರುವ ಮನೆಯ ಶನಿವಾರ ಮತ್ತು ಭಾನುವಾರ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಾದದ್ದು ನಮ್ಮದೇ ಒಂದು ತಪ್ಪು. ಕಳೆದ ವಸಂತದಲ್ಲಿ ಚನ್ನಪಟ್ಟಣದ ಸೀಮೆಯ ಒಂದು ಸನ್ನಿಧಿಯಲ್ಲಿ ಶನಿವಾರ ಸಂಜೆಯ ಪ್ರವಚನಕ್ಕೆ ಕುಳಿತಿದ್ದೆವು. ವಿಷಯ ಶ್ರೀಕೃಷ್ಣನ ಬಾಲಲೀಲೆ. ಸಭೆಯ ಹಿಂಭಾಗದಲ್ಲಿ ಒಬ್ಬ ತಾಯಿಯ ಮಡಿಲಲ್ಲಿದ್ದ ಕೂಸು ಅಳತೊಡಗಿತು. ಅದರ ಅಕ್ಕ, ನಾಲ್ಕು ವರ್ಷದ ಹುಡುಗಿ, ಕಂಬದಿಂದ ಕಂಬಕ್ಕೆ ಓಡತೊಡಗಿದಳು. ನಾವು ಮಾತು ನಿಲ್ಲಿಸಿ, "ತಾಯೀ, ಮಕ್ಕಳನ್ನು ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿರಮ್ಮಾ" ಎಂದುಬಿಟ್ಟೆವು. ಆಕೆ ತಲೆ ತಗ್ಗಿಸಿಕೊಂಡು ಎದ್ದು ಹೋದರು. ನಾವು ಯಶೋದೆಯ ವಾತ್ಸಲ್ಯವನ್ನು ವರ್ಣಿಸುವುದನ್ನು ಮುಂದುವರಿಸಿದೆವು!

ಮುಂದಿನ ಶನಿವಾರ ಆಕೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ನಮ್ಮ ಮಾತಿನ ಭಾರ ನಮಗೇ ತಿಳಿದು ಒಂದು ಭಾನುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆಕೆ ಒಂದು ಕೈಯಲ್ಲಿ ಕೂಸಿಗೆ ಅನ್ನ ಕಲಸುತ್ತ ಹೇಳಿದ ಮಾತು ಇಷ್ಟು: "ನೀವು ಹೇಳಿದ್ದಕ್ಕೆ ಬೇಸರವಿಲ್ಲ, ಆಚಾರ್ಯರೇ. ಎಲ್ಲರಿಗೂ ಎರಡು ದಿನ ರಜೆ. ನನಗೆ ದೇವರ ಮುಂದೆ ಹತ್ತು ನಿಮಿಷ ಕುಳಿತು ಒಂದು ಸ್ತೋತ್ರ ಹೇಳುವುದಕ್ಕೂ ಆಗುವುದಿಲ್ಲ. ದೇವರ ಲೆಕ್ಕದಲ್ಲಿ ನನ್ನ ದಿನಗಳೆಲ್ಲ ವ್ಯರ್ಥವೇ?"

ಆ ಕ್ಷಣದಲ್ಲಿ ನಮಗೆ ತೋಚಿದ ಉತ್ತರ ಅಲ್ಪ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಸಲ್ಲಿಸುವ ಉತ್ತರವೆಂದು ವಾಚಕರು ಭಾವಿಸಬೇಕು.

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಬರುವ ದಾಮೋದರಲೀಲೆಯನ್ನು ನಾವೆಲ್ಲ ಬಲ್ಲೆವು. ಅದನ್ನು ಒಂದು ಮನೆಯ ಬೆಳಗಿನ ಕಥೆಯಾಗಿ ಒಮ್ಮೆ ನೋಡೋಣ. ಯಶೋದೆ ಮೊಸರು ಕಡೆಯುತ್ತಿದ್ದಾಳೆ. ಕೂಸು ಬಂದು ಕಡಗೋಲು ಹಿಡಿದು ಮೊಲೆಹಾಲಿಗೆ ಹಟ ಮಾಡುತ್ತದೆ. ಹಾಲೂಡುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಆಕೆ ಕೂಸನ್ನು ಕೆಳಗಿಳಿಸಿ ಓಡುತ್ತಾಳೆ. ಇತ್ತ ಸಿಟ್ಟುಗೊಂಡ ಬಾಲಕ ಕಲ್ಲಿನಿಂದ ಮೊಸರಿನ ಗಡಿಗೆಯನ್ನು ಒಡೆದು, ಒಳಗೆ ಹೋಗಿ ಒರಳನ್ನೇರಿ, ಬೆಣ್ಣೆಯನ್ನು ಕಪಿಗಳಿಗೆ ಹಂಚುತ್ತ ಕುಳಿತಿದ್ದಾನೆ. ಒಂದು ಕಡೆ ಒಲೆ, ಒಂದು ಕಡೆ ಕೂಸು, ನಡುವೆ ಒಡೆದ ಗಡಿಗೆ! ಇಂದಿನ ಯಾವ ತಾಯಿಗೆ ಈ ಬೆಳಗು ಅಪರಿಚಿತ? ಆಕೆ ಕಟ್ಟಲು ತಂದ ಹಗ್ಗ ಎರಡಂಗುಲ ಸಾಲದೆ ಬರುತ್ತದೆ. ಮತ್ತೊಂದನ್ನು ಕೂಡಿಸಿದರೂ ಎರಡಂಗುಲ ಕೊರತೆಯೇ. ಕಡೆಗೆ ತಾಯಿ ಬೆವರಿ ಬಳಲಿ ಹೆರಳಿನ ಹೂಗಳು ಜಾರಿದ್ದನ್ನು ಕಂಡು ಭಗವಂತನು ಕೃಪೆಯಿಂದ ತಾನೇ ಕಟ್ಟಿಗೆ ಒಳಪಟ್ಟನು.

ಇಲ್ಲಿ ಗಮನಿಸಬೇಕಾದುದೊಂದಿದೆ. ಆ ಬೆಳಗು ಯಶೋದೆ ಜಪಮಣಿ ಹಿಡಿದು ಕುಳಿತಿರಲಿಲ್ಲ. ಆಕೆ ಮಾಡಿದ್ದು ಮನೆಗೆಲಸ. ಆದರೆ ಕಡೆಯುವಾಗಲೂ ಆತನ ಚರಿತ್ರೆಯನ್ನೇ ಹಾಡುತ್ತಿದ್ದಳೆಂದು ಭಾಗವತವು ಹೇಳುತ್ತದೆ. ಕೈ ಕೆಲಸದಲ್ಲಿ, ಬಾಯಿ ಹಾಡಿನಲ್ಲಿ, ಮನಸ್ಸು ಆತನಲ್ಲಿ. ಭಗವಂತನು ಕಂಡದ್ದು ಆಕೆಯ ಬಳಲಿಕೆಯನ್ನು. ನಮ್ಮ ಸಾಧನೆಯ ಹಗ್ಗವು ಎಷ್ಟು ಉದ್ದವಾದರೂ ಎರಡಂಗುಲ ಸಾಲದು. ಆ ಕೊರತೆಯನ್ನು ತುಂಬತಕ್ಕದ್ದು ಆತನ ಪ್ರಸಾದವೊಂದೇ. ಹೀಗಿರಲು ಹತ್ತು ನಿಮಿಷ ಸಿಗದ ತಾಯಿಯ ಹಗ್ಗವು ಹತ್ತು ಗಂಟೆ ಸಿಕ್ಕ ನಮ್ಮ ಹಗ್ಗಕ್ಕಿಂತ ಗಿಡ್ಡವೆಂದು ಹೇಳಲು ನಾವು ಯಾರು?

ಆದರೆ ಒಂದು ಎಚ್ಚರಿಕೆ ಅವಶ್ಯ. 'ಮಕ್ಕಳೇ ದೇವರು' ಎಂಬ ಮಾತು ಲೋಕದಲ್ಲಿ ಪ್ರಚಾರದಲ್ಲಿದೆ. ಪಂಚಭೇದವನ್ನು ಒಪ್ಪಿದ ನಮಗೆ ಅದು ಸಮ್ಮತವಲ್ಲ. ನಮ್ಮ ಕೂಸು ಕೃಷ್ಣನಲ್ಲ. ನಾವು ಯಶೋದೆಯರೂ ಅಲ್ಲ. ಕೃಷ್ಣನ ಅಳು, ಹಸಿವು, ಭಯಗಳೆಲ್ಲ ಲೀಲೆ. ನಮ್ಮ ಕೂಸಿನ ಹಸಿವು ನಿಜವಾದ ಹಸಿವು. ಅದು ಅನಾದಿಯಾದ, ತನ್ನದೇ ಸ್ವಭಾವವುಳ್ಳ ಒಂದು ಜೀವ. ಅದರ ದೇಹಕ್ಕೆ ಮಾತ್ರ ನಾವು ನಿಮಿತ್ತರು. ಆ ಜೀವದೊಳಗೆ ಬಿಂಬರೂಪಿಯಾದ ಪರಮಾತ್ಮನು ನೆಲೆಸಿದ್ದಾನೆ. ಕೂಸನ್ನು ದೇವರೆಂದು ಭಾವಿಸದೆ, ಕೂಸಿನ ಅಂತರ್ಯಾಮಿಯನ್ನು ಸ್ಮರಿಸಿ ಉಣಿಸಿದ ತುತ್ತು ವ್ಯರ್ಥವಾಗದು. ಜನರಿಗೆ ಮಾಡುವ ಸೇವೆಯನ್ನು ಶ್ರೀಮದಾಚಾರ್ಯರು ಒಡೆಯನಿಗೆ ಸಲ್ಲಿಸಬೇಕಾದ ಕಂದಾಯಕ್ಕೆ ಹೋಲಿಸಿದ್ದಾರೆ. ಕಂದಾಯವೆಂದ ಮೇಲೆ ಅದು ಐಚ್ಛಿಕವಲ್ಲ; ಸಲ್ಲಿಸಿದ್ದು ಲೆಕ್ಕಕ್ಕೆ ಬಾರದೆಯೂ ಇರದು. 'ದೇವರ ಲೆಕ್ಕದಲ್ಲಿ' ಎಂದು ಕೇಳಿದ ಆ ತಾಯಿಗೆ ಆಚಾರ್ಯರ ಈ ಮಾತಿಗಿಂತ ನೇರವಾದ ಉತ್ತರವನ್ನು ನಾವು ಅರಿಯೆವು.

ಇನ್ನು ಈ ಸೀಮೆಯ ಭಾಗ್ಯವನ್ನು ನೆನೆಯೋಣ. ಚನ್ನಪಟ್ಟಣಕ್ಕೆ ಸಮೀಪದಲ್ಲಿ, ಬೆಂಗಳೂರು-ಮೈಸೂರು ದಾರಿಯಲ್ಲಿರುವ ದೊಡ್ಡಮಳೂರಿನ ಶ್ರೀಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿನ ನವನೀತಕೃಷ್ಣನಿದ್ದಾನೆ. ಬೆಣ್ಣೆಯನ್ನು ಹಿಡಿದು ಮುಖವೆತ್ತಿ ನೋಡುವ ಆ ಮೂರ್ತಿಯನ್ನು ಕಂಡೇ ಶ್ರೀಪುರಂದರದಾಸರು 'ಜಗದೋದ್ಧಾರನ' ಎಂದಾರಂಭವಾಗುವ ಕೀರ್ತನೆಯನ್ನು ರಚಿಸಿದರೆಂದು ಪರಂಪರೆಯಿಂದ ಹೇಳುತ್ತಾರೆ. ಸಂತಾನವನ್ನು ಬೇಡಿ ಬಂದ ದಂಪತಿಗಳು ಒಪ್ಪಿಸಿದ ಪುಟ್ಟ ತೊಟ್ಟಿಲುಗಳು ಅಲ್ಲಿ ಕಾಣಸಿಗುತ್ತವೆ. ಒಂದೊಂದು ತೊಟ್ಟಿಲಿನ ಹಿಂದೆಯೂ ಎಷ್ಟು ವರ್ಷಗಳ ಮೌನವಿದ್ದೀತು! ಒಬ್ಬ ತಾಯಿ ತೊಟ್ಟಿಲು ಕಟ್ಟಿ ಬೇಡಿಕೊಂಡ ಅಳುವನ್ನೇ ನಾವು ಪ್ರವಚನಕ್ಕೆ ವಿಘ್ನವೆಂದು ಹೊರಗಟ್ಟಿದೆವಲ್ಲ ಎಂದು ಆ ಸನ್ನಿಧಿಯಲ್ಲಿ ನಿಂತಾಗ ನಮಗೆ ನಾಚಿಕೆಯಾಯಿತು.

ಹಿಂತಿರುಗುವಾಗ ಚನ್ನಪಟ್ಟಣದಲ್ಲಿ ಒಬ್ಬ ಬೊಂಬೆ ಕೆಲಸಗಾರರ ಮನೆಯಂಗಳದಲ್ಲಿ ಸ್ವಲ್ಪ ಹೊತ್ತು ನಿಂತೆವು. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ, ಉಳಿಯಿಂದ ರೂಪ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿರುಗುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ಒಣ ಗರಿಯಿಂದ ತೀಡಿದರೆ ಹೊಳಪು. "ನಿಲ್ಲಿಸಿಕೊಂಡು ಹಚ್ಚಬಾರದೇ?" ಎಂದು ಕೇಳಿದೆವು. ಅವರು ನಕ್ಕು, "ನಿಂತ ಮರಕ್ಕೆ ಅರಗು ಹಿಡಿಯಲ್ಲ ಸ್ವಾಮಿ" ಎಂದರು. ಸಂಸ್ಕಾರದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತವುಂಟೇ? ಮಕ್ಕಳನ್ನು ಅಲುಗಾಡದಂತೆ ಕೂರಿಸಿ ಸಂಸ್ಕಾರ ಕೊಡುತ್ತೇವೆಂದು ನಾವು ಹೊರಟಿದ್ದೇವೆ. ಮಗು ತಿರುಗುತ್ತಿರುವಾಗಲೇ, ಓಡುತ್ತಿರುವಾಗಲೇ, ಆಡುತ್ತಿರುವಾಗಲೇ ಬಣ್ಣ ಹಿಡಿಯುತ್ತದೆ. ಹಿಡಿದ ಕೈ ಹೆಚ್ಚು ಒತ್ತಲೂಬಾರದು, ಬಿಡಲೂಬಾರದು.

ಪ್ರಹ್ಲಾದರಾಜರೂ ಮಾಡಿದ್ದು ಇದನ್ನೇ. ಗುರುಗಳು ಗೃಹಕೃತ್ಯಕ್ಕೆಂದು ಹೋದ ವೇಳೆಯಲ್ಲಿ, ಆಟಕ್ಕೆ ಕರೆದ ಗೆಳೆಯರಿಗೆ ನಗುತ್ತ ಹರಿಭಕ್ತಿಯನ್ನು ಉಪದೇಶಿಸಿದರು. ಆ ಮಹಾಪಾಠ ನಡೆದದ್ದು ಬಿಡುವಿನ ವೇಳೆಯಲ್ಲಿ! ಮಾಗಡಿಯ ಸೀಮೆಯವರು ನರಸಿಂಹಜಯಂತಿಯಂದು ಸಾವನದುರ್ಗದ ತಪ್ಪಲಿನ ಸ್ವಾಮಿಯನ್ನು ಕಾಣುವಾಗ ಮಕ್ಕಳಿಗೆ ಈ ಕಥೆಯನ್ನು ಮೊದಲು ಹೇಳಲಿ. ಕಂಬದಿಂದ ಹೊರಬಂದ ಉಗ್ರರೂಪದ ಕಥೆ ಅನಂತರ ಬರಲಿ.

ಅದೇ ಪ್ರಹ್ಲಾದರಾಜರ ಅವತಾರವೆಂದು ನಾವು ನಂಬಿರುವ ಶ್ರೀವ್ಯಾಸರಾಜರ ಬಾಲ್ಯವೂ ಈ ಮಣ್ಣಿನದೇ. ಸುಮಾರು 1460ರಲ್ಲಿ ಬನ್ನೂರಿನಲ್ಲಿ ಬಲ್ಲಣ್ಣ-ಅಕ್ಕಮ್ಮ ದಂಪತಿಗಳಿಗೆ ಶ್ರೀಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಜನಿಸಿದ ಶಿಶುವು ಚನ್ನಪಟ್ಟಣದ ಬಳಿಯ ಅಬ್ಬೂರಿನ ಮಠದಲ್ಲಿ ಬೆಳೆಯಿತು. ಅಭಿಷೇಕದ ಹಾಲನ್ನೇ ಕೂಸಿಗೆ ಉಣಿಸುತ್ತಿದ್ದರೆಂಬುದು ಸಂಪ್ರದಾಯದ ಮಾತು. ಯತಿಗಳ ಮಠದಲ್ಲಿ ಕೂಸಿನ ಅಳು ಕೇಳಿಸುತ್ತಿತ್ತು ಎಂಬುದನ್ನು ನಾವು ಮರೆಯಬಾರದು. ಮುಂದೆ ಬಾಲಕ ಯತಿರಾಜನಿಗೆ ಸಂನ್ಯಾಸ ಕೊಡುವರೆಂದು ತಿಳಿದಾಗ ಆತ ಮಠವನ್ನು ಬಿಟ್ಟು ಹೊರಟನೆಂದೂ, ದಾರಿಯಲ್ಲಿ ಮರದಡಿಯಲ್ಲಿ ಶ್ರೀಹರಿಯು ದರ್ಶನವಿತ್ತು ಹಿಂತಿರುಗೆಂದು ಪ್ರೇರಿಸಿದನೆಂದೂ ಚರಿತ್ರೆಯಲ್ಲಿ ಬರುತ್ತದೆ. 1539ರಲ್ಲಿ ಬೃಂದಾವನಸ್ಥರಾಗುವವರೆಗೆ ಮಧ್ವಶಾಸ್ತ್ರವನ್ನು ಎತ್ತಿಹಿಡಿದ ಮಹನೀಯರೇ ಬಾಲ್ಯದಲ್ಲಿ ಒಮ್ಮೆ ಓಡಿಹೋದವರು! ಆದುದರಿಂದ ಶ್ಲೋಕ ಹೇಳೆಂದರೆ ಅಂಗಳಕ್ಕೆ ಓಡುವ ಮಗುವನ್ನು ಕಂಡು ಯಾರೂ ನಿರಾಶರಾಗಬಾರದು. ಹಿಂದಕ್ಕೆ ಕರೆತರುವವನು ಬೇರೊಬ್ಬನಿದ್ದಾನೆ.

ಶ್ರೀಮದಾಚಾರ್ಯರ ಬಾಲ್ಯವನ್ನು ಹೇಳುವ ಸುಮಧ್ವವಿಜಯದಲ್ಲಿಯೂ ಗೃಹಕೃತ್ಯದ ಎಷ್ಟೋ ಚಿತ್ರಗಳಿವೆ. ತಂದೆತಾಯಿಗಳು ಹೊರಗೆ ಹೋಗಿದ್ದಾಗ ಹಸಿದು ಅತ್ತ ಶಿಶು ವಾಸುದೇವನಿಗೆ ಅಕ್ಕನು ಬೇರೇನೂ ತೋಚದೆ ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು. ತಾಯಿ ಬಂದು ಗಾಬರಿಗೊಂಡಳು. ಮತ್ತೊಮ್ಮೆ ಬಂಧುಗಳ ಮನೆಯ ಸಮಾರಂಭದ ಗದ್ದಲದಲ್ಲಿ ಬಾಲಕನು ಒಬ್ಬನೇ ಹೊರಟು ಗುಡಿಯಿಂದ ಗುಡಿಗೆ ನಡೆದು ಉಡುಪಿಯ ಅನಂತೇಶ್ವರನ ಸನ್ನಿಧಿಯನ್ನು ಸೇರಿದನು. ಹುಡುಕುತ್ತ ಬಂದ ತಂದೆ "ಜೊತೆಗೆ ಯಾರಿದ್ದರು?" ಎಂದು ಕೇಳಲು, ಆಯಾ ಗುಡಿಯ ನಾರಾಯಣನೇ ಜೊತೆಯಿದ್ದನೆಂಬ ಭಾವದ ಉತ್ತರ ಬಂದಿತು. ವಾಯುದೇವರ ಅವತಾರದ ಮಹಿಮೆ ನಮ್ಮ ಮಕ್ಕಳಿಗೆ ಬಾರದು. ಆದರೆ ಆ ಬಾಲಕನಿಗೆ ಮನೆಯ ಗದ್ದಲದಿಂದ ಓಡಿಹೋಗಲು ನೆನಪಾದ ಸ್ಥಳ ಗುಡಿಯಾಗಿತ್ತು. ನಮ್ಮ ಮಕ್ಕಳಿಗೆ ಆ ಸ್ಥಳ ಯಾವುದಾಗಬೇಕು? ಗುಡಿಯಿಂದಲೇ ಹೊರಗಟ್ಟಿಸಿಕೊಂಡ ಮಗು ಇಪ್ಪತ್ತು ವರ್ಷದ ಮೇಲೆ ಗುಡಿಯ ದಾರಿಯನ್ನು ಏಕೆ ನೆನೆದೀತು? ಇದು ನಮ್ಮ ಮನೆತನಗಳ ಮುಂದಿನ ತಲೆಮಾರಿನ ಪ್ರಶ್ನೆ.

ಆದುದರಿಂದ ಮಕ್ಕಳಿರುವ ಮನೆಯವರಲ್ಲಿ ನಮ್ಮ ವಿಜ್ಞಾಪನೆ ಅಲ್ಪವಾದದ್ದು. ರಜೆಯ ಎರಡು ದಿನವೂ ಮನೆಯನ್ನು ಮಠವನ್ನಾಗಿ ಮಾಡಲು ಹೊರಡಬೇಡಿ. ಶನಿವಾರದ ಎಣ್ಣೆಸ್ನಾನದಲ್ಲಿ ನೀರು ಹೊಯ್ಯುವಾಗ ಕೇಶವಾದಿ ನಾಮಗಳನ್ನು ಒಂದೊಂದು ತಂಬಿಗೆಗೆ ಒಂದೊಂದರಂತೆ ಹೇಳಿ. ಇಪ್ಪತ್ತನಾಲ್ಕು ಮುಗಿಯುವುದರೊಳಗೆ ಸ್ನಾನವೂ ಮುಗಿದೀತು. ತುಲಸಿಗೆ ನೀರೆರೆಯುವ ಚೊಂಬನ್ನು ಮಗುವಿನ ಕೈಗೆ ಕೊಡಿ. ಅರ್ಧ ನೀರು ನೆಲಕ್ಕೆ ಚೆಲ್ಲಿದರೆ ಚೆಲ್ಲಲಿ, ವೈಶಾಖದ ನೆಲ ಕುಡಿಯುತ್ತದೆ. ಭಾನುವಾರ ಪಾನಕಕ್ಕೆ ಬೆಲ್ಲ ಕರಗಿಸುವ ಕೆಲಸ ಮಕ್ಕಳದಾಗಲಿ; ನೈವೇದ್ಯದ ನಂತರ ದಾರಿಹೋಕರಿಗೆ ಹಂಚುವ ಕೆಲಸವೂ ಅವರದೇ ಆಗಲಿ. ರಾಮನಗರದವರು ರಾಮದೇವರ ಬೆಟ್ಟಕ್ಕೆ ಹೋದರೆ ಆಕಾಶವನ್ನು ತೋರಿಸಿ ಜಟಾಯುವಿನ ಕಥೆ ಹೇಳಿ. 2012ರಿಂದ ಆ ಬೆಟ್ಟವು ರಣಹದ್ದುಗಳ ಅಭಯಧಾಮವೂ ಆಗಿದೆ. ಕನಕಪುರದವರು ಅರ್ಕಾವತಿಯನ್ನು ದಾಟುವಾಗ ಅದು ಸಂಗಮದಲ್ಲಿ ಕಾವೇರಿಯನ್ನು ಸೇರುವುದನ್ನು ಹೇಳಿ ನದೀಸ್ಮರಣೆ ಕಲಿಸಿ. ಏಕಾದಶಿಯು ರಜೆಯ ದಿನವೇ ಬಂದರೆ ಎಳೆಯರಿಗೆ ಉಪವಾಸದ ಬಲವಂತ ಬೇಡ; ಆ ವಿಧಿಯು ಎಂಟು ವರ್ಷ ತುಂಬಿದವರಿಗೆಂದು ಶಾಸ್ತ್ರವೇ ಹೇಳಿದೆ. ಬಟ್ಟೆ ಬಿಚ್ಚಿದ ಕೂಸಿಗೆ ಮೈಲಿಗೆಯಿಲ್ಲವೆಂದು ನಮ್ಮ ಅಜ್ಜಿಯರು ಮಡಿಯಲ್ಲಿಯೇ ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರಲ್ಲವೇ?

ಮನೆಯ ಗಂಡಸರಿಗೂ ಒಂದು ಮಾತು. ವಾರದ ಐದು ದಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಶ್ರಮ ನಮಗೆ ತಿಳಿಯದ್ದಲ್ಲ. ಆದರೂ ಭಾನುವಾರ ಅರ್ಧ ಗಂಟೆ ಕೂಸನ್ನು ಹೆಗಲ ಮೇಲಿಟ್ಟುಕೊಂಡು, ಆಕೆಯನ್ನು ದೇವರ ಮುಂದೆ ಕೂರಲು ಬಿಡಿ. ಈ ಸೀಮೆಯ ರೇಷ್ಮೆ ಬೆಳೆಗಾರರನ್ನು ಕೇಳಿದರೆ ಹುಳುವಿಗೆ ಭಾನುವಾರವಿಲ್ಲವೆನ್ನುತ್ತಾರೆ. ಮನೆಮಂದಿಯೆಲ್ಲ ಸರದಿಯಲ್ಲಿ ಸೊಪ್ಪು ಹಾಕುತ್ತಾರೆ. ಕೂಸಿಗೂ ಭಾನುವಾರವಿಲ್ಲ. ಸರದಿಯಾದರೂ ಇರಲಿ.

ಇನ್ನು ಹಿರಿಯರಾದ ನಮಗೆ ನಾವೇ ಹೇಳಿಕೊಳ್ಳಬೇಕಾದದ್ದು. ಸನ್ನಿಧಿಯಲ್ಲಿ ಮಗು ಅತ್ತಾಗ ತಿರುಗಿ ನೋಡುವ ನಮ್ಮ ಕಣ್ಣುಗಳನ್ನು ಸ್ವಾಮಿಯ ಕಡೆಗೆ ತಿರುಗಿಸಿಕೊಳ್ಳೋಣ. ತೀರ ಅತ್ತರೆ ಪಕ್ಕದಲ್ಲಿ ಕುಳಿತವರೊಬ್ಬರು ಎದ್ದು, "ಕೊಡಮ್ಮಾ, ನಾನು ಎತ್ತಿಕೊಂಡಿರುತ್ತೇನೆ, ನೀನು ಕೇಳು" ಎಂದರೆ ಸಾಕು. ಅಂದು ಕಥೆ ಕೇಳಿದವರ ಪುಣ್ಯಕ್ಕಿಂತ ಕೂಸನ್ನು ಎತ್ತಿಕೊಂಡು ಹೊರಗೆ ನಿಂತವರ ಪುಣ್ಯ ಕಡಿಮೆಯೆಂದು ನಾವಂತೂ ಹೇಳಲಾರೆವು.

ಆ ತಾಯಿಯು ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಈ ಲೇಖನವು ಅವರ ಮನೆಯನ್ನೂ ತಲುಪೀತು. ಅಮ್ಮಾ, ಈ ವಸಂತದ ಒಂದು ಶನಿವಾರ ಮಕ್ಕಳೊಡನೆ ಬನ್ನಿ. ಹಿಂದಿನ ಕಂಬದ ಬಳಿ ಕೂರಬೇಡಿ, ಮುಂದೆಯೇ ಕುಳಿತುಕೊಳ್ಳಿ. ಕೂಸು ಅತ್ತರೆ ನಾವು ಮಾತು ನಿಲ್ಲಿಸಿ ಕಾಯುತ್ತೇವೆ. ಹೇಗೂ ಹೇಳುತ್ತಿರುವುದು ಬಾಲಕೃಷ್ಣನ ಕಥೆಯನ್ನೇ.

ಭಾರತೀರಮಣಮುಖ್ಯಪ್ರಾಣಾಂತರ್ಗತನಾದ ಶ್ರೀನವನೀತಕೃಷ್ಣನು ನಮ್ಮ ಮನೆಗಳ ಎಳೆಯ ಜೀವಗಳನ್ನೂ, ಅವುಗಳನ್ನು ಹೊತ್ತು ಬಳಲಿದ ತಾಯಂದಿರನ್ನೂ ಕಾಪಾಡಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥