ಅಳುಕುವ ಒಡೆಯನ ಮುಂದೆ ಕಾಯಕ

ಮೂಡಿಗೆರೆ, ಕಳಸಗಳ ಕಾಫಿ ತೋಟಗಳಿಂದ ಹೋಗಿ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುವ ತರುಣರು ಅನೇಕರು. ಮೇಲಧಿಕಾರಿ ನಿರ್ಧರಿಸಲಾರದೆ ದಿನ ನೂಕುವಲ್ಲಿ, ತನ್ನ ಪಾಲಿನ ಕೆಲಸ ಮಾಡಿ ಸುಮ್ಮನಿರುವುದೇ ಕಾಯಕವೆಂದು ಅವರು ಸಮಾಧಾನ ತಾಳುವುದುಂಟು. ಇದು ಕಾಯಕವೇ?

ಊರಿನ ತೋಟವನ್ನೇ ನೆನೆಯಲಿ. ಮಾರ್ಚಿಯೊಳಗೆ ಹೂಮಳೆ ಬಾರದಿದ್ದರೆ ರೊಬಸ್ಟಾ ಗಿಡಗಳಿಗೆ ತುಂತುರು ನೀರು ಹಾಯಿಸಬೇಕು. ಸಾಹುಕಾರರು ಇಂದು ನಾಳೆಯೆಂದು ಮುಗಿಲು ನೋಡುತ್ತ ಕುಳಿತರೆ ಮೊಗ್ಗು ಒಣಗುವುದು. ಅದನ್ನರಿತೂ ತುಟಿ ಬಿಚ್ಚದ ಮೇಸ್ತ್ರಿ ದಿನವಿಡೀ ಬೆವರು ಸುರಿಸಿದರೇನು? ಫಸಲು ಹೋದ ವರುಷ ಮೊದಲು ಕೂಲಿ ತಪ್ಪುವುದು ಆಳುಗಳಿಗೆ.

ಹೇಳಿದರೆ ಕೆಲಸ ಹೋದೀತೆಂಬ ಭಯ ಸುಳ್ಳಲ್ಲ. ಮನೆಸಾಲ ಹೊತ್ತವನಿಗೆ ಧೈರ್ಯ ಬೋಧಿಸುವುದು ಸುಲಭ. ಆದರೂ 12ನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಪತಿಯೆಂದು ಲಕ್ಕಮ್ಮ ಸುಮ್ಮನಿರಲಿಲ್ಲ. ಕೇಳಿದ ಮಾರಯ್ಯ ಮುನಿಯಲೂ ಇಲ್ಲ. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬಂದನು.