ಎರಡನೆಯ ಜೂಜು

ಮುಂಬಯಿ ಬಳಿಯ ಖಾರಘರದ ಗುಡ್ಡದಿಂದ ಮಳೆಗಾಲದಲ್ಲಿ ಧುಮುಕುವ ಪಾಂಡವಕಡಾ ಜಲಪಾತದ ಎತ್ತರ 107 ಮೀಟರ್. ವನವಾಸದ ಪಾಂಡವರು ಇಲ್ಲಿಗೆ ಬಂದು ಮಿಂದಿದ್ದರೆಂದು ಊರವರ ನಂಬಿಕೆ. ಅವಘಡಗಳ ಭಯಕ್ಕೆ ಮಳೆಗಾಲದಲ್ಲಿ ಅದರ ಬುಡಕ್ಕೆ ಹೋಗದಂತೆ ಪೊಲೀಸರು ತಡೆಯುತ್ತಾರೆ. ನಾವು ದೂರದಿಂದಲೇ ನೋಡಿ ಸಮಾಧಾನಪಡುವವರು. (ದೇಶದ ಯಾವ ಮೂಲೆಗೆ ಹೋದರೂ ಪಾಂಡವರ ಗುಹೆಯೊಂದು ಇದ್ದೇ ಇರುತ್ತದೆ. ಅಷ್ಟೆಲ್ಲ ಸುತ್ತಲು ಹನ್ನೆರಡು ವರ್ಷ ಹೇಗೆ ಸಾಕಾಯಿತೋ!)

ನನ್ನನ್ನು ಕಾಡುವುದು ಅವರು ಕಾಡಿಗೆ ಬಂದ ಬಗೆ. ಮೊದಲ ಜೂಜಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಧೃತರಾಷ್ಟ್ರ ಹಿಂದಿರುಗಿಸಿದ್ದ. ಪಾಂಡವರು ಇಂದ್ರಪ್ರಸ್ಥದ ದಾರಿಯನ್ನೂ ಹಿಡಿದಿದ್ದರು. ಅಷ್ಟರಲ್ಲಿ ಮತ್ತೆ ಕರೆ ಬಂತು. ಧರ್ಮರಾಯ ಮರಳಿದ, ಅದೇ ಹಾಸಿನ ಮುಂದೆ ಕೂತ, ಮತ್ತೆ ಸೋತ. ವಿಡಿಯೊ ಗೇಮ್ ಆಡುವವರ ಭಾಷೆಯಲ್ಲಿ ಹೇಳುವುದಾದರೆ, ಹಳೆಯ ಸೇವ್ ಕೈಗೆ ಸಿಕ್ಕಿತ್ತು; ಆದರೂ ಆತ ಅದೇ ಗುಂಡಿ ಒತ್ತಿದ.

ಇಂಥದ್ದೇ ಬೆರಗು ನನಗೆ ಜಪಾನಿನ ಒಂದು ಯುದ್ಧತಂತ್ರದ ಆಟದಲ್ಲಿ ಸಿಕ್ಕಿತು. ಹೆಸರು 'ಟ್ಯಾಕ್ಟಿಕ್ಸ್ ಓಗರ್'. ಯಾಸುಮಿ ಮಾಟ್ಸುನೊ ನಿರ್ದೇಶನದಲ್ಲಿ 1995ರಲ್ಲಿ ಬಂದದ್ದು. ಕಥಾನಾಯಕ ಡೆನಮ್‌ಗೆ ಮೊದಲ ಅಧ್ಯಾಯದ ಕೊನೆಯಲ್ಲಿ ಒಡೆಯನಿಂದ ಒಂದು ಅಪ್ಪಣೆ ಬರುತ್ತದೆ: ನಮ್ಮದೇ ಜನರ ಊರೊಂದನ್ನು ಕೊಂದು ಮುಗಿಸು, ಪಾಪವನ್ನು ಶತ್ರುವಿನ ತಲೆಗೆ ಕಟ್ಟೋಣ, ಉಳಿದವರು ರೊಚ್ಚಿಗೆದ್ದು ಒಂದಾಗುತ್ತಾರೆ. ಒಪ್ಪಿದರೆ ಕಥೆ ಒಂದು ಕವಲಿಗೆ, ಒಲ್ಲೆನೆಂದರೆ ಇನ್ನೊಂದು ಕವಲಿಗೆ.

ಆದರೆ ಊರು ಎರಡರಲ್ಲೂ ಉಳಿಯುವುದಿಲ್ಲ. ಬದಲಾಗುವುದು ಗೆಳೆಯ ವೈಸ್. ನೀವು ಒಪ್ಪಿದರೆ ಅವನು ಹೇಸಿಕೊಂಡು ದೂರವಾಗುತ್ತಾನೆ. ನೀವು ತಿರಸ್ಕರಿಸಿದರೆ ಆ ಕೆಲಸಕ್ಕೆ ಅವನೇ ಕೈಹಾಕುತ್ತಾನೆ. ನೀವು ಆಗದೆ ಬಿಟ್ಟ ಮನುಷ್ಯ ಎದುರು ಪಾಳೆಯದಲ್ಲಿ ಕತ್ತಿ ಹಿಡಿದು ನಿಂತಿರುತ್ತಾನೆ. ಬರಹಗಾರರ ಜಾಣತನ ಇರುವುದು ಇಲ್ಲೇ ಎನ್ನುವುದು ನನ್ನ ಎಣಿಕೆ. ಅಂತ್ಯಗಳನ್ನು ಎಷ್ಟು ಬೇಕಾದರೂ ಹೆಣೆಯಬಹುದು, ಇಂಥ ಒಬ್ಬ ಗೆಳೆಯನನ್ನು ಕಟ್ಟುವುದು ಕಷ್ಟ. 2010ರ ಆವೃತ್ತಿಯಲ್ಲಿ, ಒಮ್ಮೆ ಆಟ ಮುಗಿಸಿದವರು ಹಿಂದಿನ ಕವಲಿಗೆ ಮರಳಬಹುದು. ಮರಳಿದರೂ ವೈಸ್ ತಪ್ಪುವುದಿಲ್ಲ.

2022ರ 'ಟ್ರಯಾಂಗಲ್ ಸ್ಟ್ರಾಟಜಿ' ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ನಾಯಕ ಸೆರೆನೋವ ಒಬ್ಬನೇ ತೀರ್ಮಾನಿಸುವಂತಿಲ್ಲ. ಜೊತೆಗಾರರು ತಕ್ಕಡಿಯಲ್ಲಿ ತಮ್ಮ ಮತ ಹಾಕುತ್ತಾರೆ. ಅದಕ್ಕೆ ಮೊದಲು ಒಬ್ಬೊಬ್ಬರ ಬಳಿ ಹೋಗಿ ಮನವೊಲಿಸಬೇಕು. ಮಾತು ಸೋತರೆ ನಾಯಕನೂ ಬಹುಮತದ ದಾರಿ ಹಿಡಿಯಬೇಕು. ಆಡುವಾಗ ನನಗೆ ನೆನಪಾದವನು ವಿಕರ್ಣ. ದ್ರೌಪದಿಯ ಪ್ರಶ್ನೆಗೆ ಹಿರಿಯರೆಲ್ಲ ತಲೆತಗ್ಗಿಸಿದಾಗ ಆಕೆಯ ಪರ ಎದ್ದುನಿಂತ ಕೌರವ. ಆವತ್ತು ತಕ್ಕಡಿ ಅವನ ಕಡೆ ವಾಲಲಿಲ್ಲ. ಕೊನೆಗೆ ಅವನೂ ಅಣ್ಣನ ಪಕ್ಷದಲ್ಲೇ ಹೋರಾಡಿ ಸತ್ತ.

ತಾಳಮದ್ದಳೆ ಕೇಳಿ ಬೆಳೆದ ಮುಂಬಯಿ ಕನ್ನಡಿಗರಿಗೆ ಕವಲುಗಳ ಈ ರುಚಿ ಹೊಸತೇನಲ್ಲ. 'ಕೃಷ್ಣ ಸಂಧಾನ' ಮುರಿದೇ ಬೀಳುತ್ತದೆಂದು ಸಭೆಗೆ ಗೊತ್ತು. ಆದರೂ ಈ ಅರ್ಥಧಾರಿಯ ಕೃಷ್ಣ ಇವತ್ತು ಕೌರವನನ್ನು ಒಲಿಸಿಯೇ ಬಿಟ್ಟಾನೋ ಎನ್ನಿಸುವ ಒಂದು ಗಳಿಗೆ ಬರುತ್ತದೆ. ಮರುವಾರ ಅದೇ ಅರ್ಥಧಾರಿ ಕೌರವನಾಗಿ ಕೂತು ಕೃಷ್ಣನ ಬಾಯಿ ಮುಚ್ಚಿಸುತ್ತಾನೆ. ಎರಡೂ ಕವಲುಗಳನ್ನು ಒಬ್ಬನೇ ನಡೆದು ನೋಡಿರುತ್ತಾನೆ.

'ಟ್ರಯಾಂಗಲ್ ಸ್ಟ್ರಾಟಜಿ'ಯಲ್ಲಿ ನಿರ್ದಿಷ್ಟ ಆಯ್ಕೆಗಳನ್ನು ಮಾಡುತ್ತ ಹೋದವರಿಗಷ್ಟೇ ದಕ್ಕುವ 'ಬಂಗಾರದ ಅಂತ್ಯ'ವೂ ಒಂದಿದೆ. ಮಿಕ್ಕ ಮೂರು ಅಂತ್ಯಗಳ ಕೊರತೆಯನ್ನೆಲ್ಲ ಅದು ತುಂಬಿಕೊಡುತ್ತದೆ. ಅದಕ್ಕಾಗಿ ಮೊದಲೇ ಮಾರ್ಗದರ್ಶಿ ಓದಿ ಆಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಸಲ ನಿಮ್ಮ ಮನಸ್ಸಿಗೆ ತೋಚಿದ್ದನ್ನೇ ಒತ್ತಿ, ಬಂದ ಅಂತ್ಯವನ್ನು ಪೂರ್ತಿ ನೋಡಿ. ಬಂಗಾರಕ್ಕೆ ಆಮೇಲೆ ಹೋಗಬಹುದು.